ನಡುವಿನ ಊರಿಗೆ ಆರು ನಿಮಿಷ

ಎರಡು ದೊಡ್ಡ ನಗರಗಳ ನಡುವೆ ಹೈಸ್ಪೀಡ್ ರೈಲು. ದಾರಿಯಲ್ಲೊಂದು ಮಧ್ಯಮ ಗಾತ್ರದ ಊರು. ಅಲ್ಲಿ ಎರಡು ನಿಮಿಷ ನಿಂತರೆ ಹೋಗುವುದು ಎರಡೇ ನಿಮಿಷ, ಅಲ್ವಾ? ಲೆಕ್ಕ ಹಾಗಿಲ್ಲ.

ಗಂಟೆಗೆ 300 ಕಿ.ಮೀ. ಅಂದರೆ ಸೆಕೆಂಡಿಗೆ 83 ಮೀಟರ್. ಒಳಗಿದ್ದವರು ಮುಗ್ಗರಿಸದಂತೆ ಹದವಾಗಿ ಬ್ರೇಕ್ ಹಾಕಿದರೆ ನಿಲ್ಲಲು ಸುಮಾರು 7 ಕಿ.ಮೀ. ಬೇಕು. ಮತ್ತೆ ಅದೇ ವೇಗ ಹಿಡಿಯಲು ಇನ್ನೂ ಜಾಸ್ತಿ, ಹನ್ನೊಂದು ಹನ್ನೆರಡು ಕಿ.ಮೀ. ನಿಲ್ಲದ ರೈಲು ಇಷ್ಟು ದೂರವನ್ನು ನಾಲ್ಕು ನಿಮಿಷದೊಳಗೆ ದಾಟಿಬಿಡುತ್ತದೆ. ನಿಲ್ಲುವ ರೈಲಿಗೆ ಓಟಕ್ಕೇ ಏಳೂವರೆ ನಿಮಿಷ, ನಿಂತ ಎರಡು ನಿಮಿಷ ಬೇರೆ. ನಷ್ಟ ಆರು ನಿಮಿಷದ ಹತ್ತಿರ. ಇಂಥ ಐದು ಊರು ಸಿಕ್ಕಿದರೆ ಅರ್ಧ ಗಂಟೆ ಹೋಯಿತು.

ಹಾಗಂತ ಊರನ್ನೇ ಬಿಡಬೇಕಿಲ್ಲ. 1964ರಲ್ಲಿ ಶುರುವಾದ ಟೋಕಿಯೋ–ಒಸಾಕಾ ಮಾರ್ಗದ ಬಹುತೇಕ ಸಣ್ಣ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ಇರುವುದು ಪಕ್ಕದ ಹಳಿಗೆ. ಕೊಡಾಮಾ ರೈಲು ಎಲ್ಲ ಕಡೆ ನಿಲ್ಲುತ್ತದೆ. ದೊಡ್ಡ ನಿಲ್ದಾಣಗಳಲ್ಲಷ್ಟೇ ನಿಲ್ಲುವ ನೊಜೊಮಿ ರೈಲು ನಡುವಿನ ಹಳಿಯಲ್ಲಿ ಅದನ್ನು ಹಿಂದೆ ಹಾಕಿ ಹೋಗುತ್ತದೆ. ನಿಲ್ದಾಣ ಕೊಡುವುದು ಒಂದು ಮಾತು, ಎಲ್ಲ ರೈಲೂ ಅಲ್ಲಿ ನಿಲ್ಲುವುದು ಇನ್ನೊಂದು ಮಾತು.

ನಿಜವಾದ ತಲೆನೋವು ನಿಲ್ದಾಣ ಎಲ್ಲಿ ಅನ್ನುವುದು. ವೇಗ ಎರಡು ಪಟ್ಟಾದರೆ ತಿರುವು ನಾಲ್ಕು ಪಟ್ಟು ಅಗಲವಾಗಬೇಕು. 300ರ ವೇಗಕ್ಕೆ ತಿರುವಿನ ತ್ರಿಜ್ಯ ಸುಮಾರು 4 ಕಿ.ಮೀ. ಬೇಕಾಗುತ್ತದೆ. ಇಂಥ ಹಳಿಯನ್ನು ಹಳೇ ಊರಿನ ಮನೆಗಳ ನಡುವೆ ಬಾಗಿಸಿ ತರುವುದು ಕಷ್ಟ. ಅದಕ್ಕೇ ನಿಲ್ದಾಣವನ್ನು ಹೊರಗೆ ಹಾಕುವ ಆಸೆ ಹುಟ್ಟುತ್ತದೆ.

ಫ್ರಾನ್ಸ್ 1994ರಲ್ಲಿ ಹಾಗೇ ಮಾಡಿತು. ಆಮಿಯೆನ್ ಮತ್ತು ಸೇಂಟ್ ಕ್ವೆಂಟಿನ್ ನಡುವಿನ ಹೊಲಗಳಲ್ಲಿ ಓಟ್ ಪಿಕಾರ್ಡಿ ನಿಲ್ದಾಣ ಕಟ್ಟಿತು. ಊರಿನ ಹಳೇ ರೈಲುಗಳು ಅಲ್ಲಿಗೆ ಬರುವುದೇ ಇಲ್ಲ. ಜನ ಅದನ್ನು 'ಬೀಟ್‌ರೂಟ್ ನಿಲ್ದಾಣ' ಅಂತ ಕರೆದರು. ಸ್ಪೇನ್ ಬೇರೆ ದಾರಿ ಹಿಡಿಯಿತು. 1992ರ ಮ್ಯಾಡ್ರಿಡ್–ಸೆವಿಲ್ ಮಾರ್ಗ ಸಿಯುದಾದ್ ರಿಯಾಲ್ ಊರಿಗೆ ಅಂಟಿಕೊಂಡೇ ಸಾಗುತ್ತದೆ. ಮ್ಯಾಡ್ರಿಡ್ ಅಲ್ಲಿಂದ ಸುಮಾರು ಒಂದು ಗಂಟೆ. ದಿನಾ ಕೆಲಸಕ್ಕೆ ಹೋಗಿ ಬರುವವರಿದ್ದಾರೆ. ನನ್ನ ಮಟ್ಟಿಗೆ ಇದೇ ಸರಿ. ಪ್ರಯಾಣಿಕರ ಗಡಿಯಾರ ಓಡಲು ಶುರುವಾಗುವುದು ಮನೆ ಬಾಗಿಲಲ್ಲಿ, ಪ್ಲಾಟ್‌ಫಾರ್ಮಿನಲ್ಲಲ್ಲ. ರೈಲಿಗೆ ಉಳಿಸಿದ ಮೂರು ನಿಮಿಷವನ್ನು ಬಸ್ಸಿನಲ್ಲಿ ಮೂವತ್ತು ನಿಮಿಷ ಮಾಡಿ ಕಳೆದರೆ ಏನು ಬಂತು?

ಇನ್ನೊಂದು ಉಪಾಯವೂ ಇದೆ. ವೇಗದ ಹಳಿ ಊರಾಚೆ ಇರಲಿ, ರೈಲು ಮಾತ್ರ ಕವಲೊಡೆದು ಹಳೇ ಹಳಿಯಲ್ಲಿ ಊರೊಳಗೆ ಬರಲಿ. ಫ್ರಾನ್ಸಿನಲ್ಲಿ ಎರಡೂ ಹಳಿಗಳ ಅಗಲ ಒಂದೇ ಆದ್ದರಿಂದ ಇದು ಸುಲಭ. ಜಪಾನಿನಲ್ಲಿ ಹಳೇ ಹಳಿ 1067 ಮಿ.ಮೀ., ಹೊಸದು 1435. ಆದರೂ ಯಮಗಾಟಾ ಊರಿಗಾಗಿ ಹಳೇ ಹಳಿಯನ್ನೇ ಅಗಲ ಮಾಡಿದರು. 1992ರಿಂದ ಅಲ್ಲಿನ ಹೈಸ್ಪೀಡ್ ರೈಲು ಶಿಂಕಾನ್ಸೆನ್ ಫುಕುಶಿಮಾದಲ್ಲಿ ಕವಲೊಡೆದು ಅತ್ತ ಹೋಗುತ್ತದೆ. ಆ ಹಳಿಯಲ್ಲಿ ವೇಗ 130 ಮೀರುವುದಿಲ್ಲ, ಆದರೆ ಟೋಕಿಯೋದಲ್ಲಿ ಹತ್ತಿದವರು ರೈಲು ಬದಲಿಸದೆ ನೇರ ಊರೊಳಗೇ ಇಳಿಯುತ್ತಾರೆ.