ಸುಟ್ಟ ಮೋಟರ್ ಜೊತೆ ಸುಟ್ಟ ಕಾರಣವನ್ನೂ ಕೊಡಿ

ಹೊಳಲ್ಕೆರೆ, ಹೊಸದುರ್ಗ ಕಡೆಯ ರೈತರು ಸುಟ್ಟ ಮೋಟರ್ ತಂದು ಇಳಿಸಿದಾಗ ಕೇಳುವುದು ಎರಡೇ ಮಾತು. ಯಾವಾಗ ಕೊಡ್ತೀರಿ, ಎಷ್ಟಾಗುತ್ತೆ? ಹೇಳಿದ ದಿನ ಕೊಟ್ಟು, ಹೇಳಿದಷ್ಟೇ ದುಡ್ಡು ತಗೊಂಡರೆ ಅವರಿಗೆ ಸಮಾಧಾನ. ಆದರೆ ಅದನ್ನು ಯಾರೂ ಊರಲ್ಲಿ ಹೇಳಿಕೊಂಡು ತಿರುಗುವುದಿಲ್ಲ. ಆಗಬೇಕಾದ ಕೆಲಸ ಆಯ್ತು, ಅಷ್ಟೇ.

ಚಿತ್ರದುರ್ಗದಲ್ಲಿ ಹೊಸದಾಗಿ ರೀವೈಂಡಿಂಗ್ (ಸುಟ್ಟ ಮೋಟರ್‌ಗೆ ಹೊಸ ತಂತಿ ಸುತ್ತುವ) ಅಂಗಡಿ ಹಾಕುವ ಹುಡುಗರಿಗೆ ನಾನು ಮೊದಲು ಹೇಳುವುದು: ಮೋಟರ್ ಯಾಕೆ ಸುಟ್ಟಿತು ಅಂತ ತೋರಿಸಿ ಕಳಿಸಿ.

ಬೋರ್‌ವೆಲ್ ನೀರಲ್ಲೇ ಮುಳುಗಿ ಓಡುವ ಸಬ್‌ಮರ್ಸಿಬಲ್ ಮೋಟರ್ ಸುಮ್ನೆ ಸುಡುವುದಿಲ್ಲ. ಕರೆಂಟ್ ಬರುವ ಮೂರು ಫೇಸ್‌ನಲ್ಲಿ ಒಂದು ಹೋದ ಮೇಲೂ ಓಡುತ್ತಿದ್ದರೆ ಉಳಿದೆರಡರಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ, ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಬಿಸಿಯಾಗುತ್ತದೆ. ಬೋರ್‌ನಲ್ಲಿ ನೀರು ಕೆಳಗಿಳಿದರೆ ಬೇರೆ ಕಷ್ಟ. ಈ ಮೋಟರ್ ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ಬಿಚ್ಚಿದಾಗ ಕೆಲವು ಕಾಯಿಲ್ ಮಾತ್ರ ಸುಟ್ಟು ಉಳಿದವು ಚೆನ್ನಾಗಿದ್ದರೆ ಫೇಸ್ ಹೋಗಿರುವ ಅನುಮಾನ. ಎಲ್ಲವೂ ಒಂದೇ ಸಮ ಸುಟ್ಟಿದ್ದರೆ ಲೋ ವೋಲ್ಟೇಜ್, ಓವರ್‌ಲೋಡ್ ಕಡೆ ನೋಡಬೇಕು.

ಆ ಕಾಯಿಲನ್ನೇ ಅವರ ಕೈಗೆ ಕೊಡಿ. "ಯಜಮಾನ್ರೆ, ಪ್ಯಾನೆಲ್ ಬೋರ್ಡಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಕೆಲಸ ಮಾಡ್ತಿದೆಯಾ, ಬೈಪಾಸ್ ಮಾಡಿದಾರಾ ನೋಡಿಸಿ" ಅನ್ನಿ. ಒಂದು ಫೇಸ್ ಹೋದರೆ ಮೋಟರನ್ನು ತಾನೇ ಆಫ್ ಮಾಡುವ ಸಾಧನ ಅದು. ಎರಡು ನಿಮಿಷದ ಮಾತು. ಆದರೆ ರೈತನಿಗೆ ರೀವೈಂಡಿಂಗ್ ಖರ್ಚಿಗಿಂತ ದೊಡ್ಡ ಚಿಂತೆ ಒಂದಿದೆ. ಬೋರ್‌ಗೆ ಇಳಿಸಿದ ಮೋಟರ್ ಮತ್ತೆ ಸುಟ್ಟರೆ ಪೈಪ್ ಸಮೇತ ಮತ್ತೆ ಎತ್ತಿಸಬೇಕು, ಆಳಿನ ಕೂಲಿ ಮತ್ತೆ ಕೊಡಬೇಕು. ಅಷ್ಟರಲ್ಲಿ ಅಡಿಕೆ ಗಿಡ ಬಾಡುತ್ತದೆ. ಆ ಭಯ ಕಳೆದವನನ್ನು ಅವನು ಮರೆಯುವುದಿಲ್ಲ. ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಯಾರೋ "ಮೋಟರ್ ಸುಟ್ಟಿದೆ" ಅಂದ ಕೂಡಲೇ ನಿಮ್ಮ ಅಂಗಡಿ ಹೆಸರು ಅವನ ಬಾಯಿಗೆ ಬರುತ್ತದೆ.

ಹಳೆಯ ತಾಮ್ರದ ತಂತಿಯೂ ಹಾಗೇ. ಅದು ರೈತನದು. ಅವನು ಕೇಳುವ ಮೊದಲೇ ತೂಕ ಹಾಕಿ ವಾಪಸ್ ಕೊಡಿ, ಇಲ್ಲವೇ ಬಿಲ್‌ನಲ್ಲಿ ಕಳೆಯಿರಿ. ಕ್ಯಾಲೆಂಡರ್, ಕೀ ಚೈನ್ ಹಂಚುವುದನ್ನು ನಾನು ಒಪ್ಪುವುದಿಲ್ಲ. ಅವನ ಕಷ್ಟಕ್ಕೂ ಕೀ ಚೈನ್‌ಗೂ ಏನು ಸಂಬಂಧ, ಅಲ್ವಾ?

ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಇದನ್ನೇ ಬಿಡಿಸಿ ತೋರಿಸಿದರು. ಇರಲೇಬೇಕಾದದ್ದು ಇದ್ದರೆ ಜನ ಹೊಗಳುವುದಿಲ್ಲ, ಇಲ್ಲದಿದ್ದರೆ ಬೈಯುತ್ತಾರೆ. ನಿರೀಕ್ಷೆ ಮಾಡದ್ದು ಸಿಕ್ಕರೆ ಖುಷಿಪಡುತ್ತಾರೆ. ಆದರೆ ಇವತ್ತಿನ ಖುಷಿ ಕಾಲ ಕಳೆದಂತೆ ಮಾಮೂಲಾಗುತ್ತದೆ. ಹಾಗಾಗಿ ಕೊನೆವರೆಗೂ ನಡೆಸಿಕೊಂಡು ಹೋಗಲು ಆಗುವುದನ್ನೇ ಶುರು ಮಾಡಿ. ಬೇಸಿಗೆಯಲ್ಲಿ ಸ್ಪೇರ್ ಮೋಟರ್ ಕೊಡುವುದು ಒಳ್ಳೆಯದೇ. ಆದರೆ ಒಬ್ಬರಿಗೆ ಕೊಟ್ಟು ಪಕ್ಕದ ತೋಟದವರಿಗೆ ಇಲ್ಲ ಅಂದರೆ ಹೊಗಳಿಕೆಗಿಂತ ಬೇಸರವೇ ಬೇಗ ಹರಡುತ್ತದೆ. ಹೇಳಿದ ದಿನ ತಪ್ಪಿಸಿದರಂತೂ ಏನು ಕೊಟ್ಟರೂ ದಂಡ.

ಫೋನ್ ಮಾತ್ರ ಎಲ್ಲರಿಗೂ ಮಾಡಬಹುದು. ಮೋಟರ್ ಬೋರ್‌ಗೆ ಇಳಿಸಿದ ದಿನ ಸಂಜೆ ಕೇಳಿ: "ನೀರು ಬಂತಾ ಅಣ್ಣಾ? ಆಂಪ್ಸ್ ಎಷ್ಟು ತೋರಿಸ್ತಿದೆ?" ಆಂಪ್ಸ್ ಅಂದರೆ ಮೋಟರ್ ಎಳೆಯುವ ಕರೆಂಟ್. ಅದು ಮೋಟರ್‌ನ ಪ್ಲೇಟ್ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಅಂದರೆ ಕೂಡಲೇ ಆಫ್ ಮಾಡಲು ಹೇಳಿ, ಮಾರನೇ ದಿನ ನೀವೇ ಹೋಗಿ ನೋಡಿ.