ಇಷ್ಟದ ಸಿನಿಮಾ: ಹೇಳುವುದೊಂದು, ನೋಡುವುದೊಂದು

ಓದುಗರ ಪ್ರಶ್ನೆ: ಕಚೇರಿಯಲ್ಲಿ ಊಟದ ಹೊತ್ತಿಗೆ ‘ನಿಮಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು’ ಎಂಬ ಮಾತು ಬಂದಾಗಲೆಲ್ಲ ನಾನು ‘ಘಟಶ್ರಾದ್ಧ’ ಎನ್ನುತ್ತೇನೆ. ಅದು ನನಗೆ ನಿಜಕ್ಕೂ ಇಷ್ಟ, ಆದರೆ ನೋಡಿದ್ದು ಒಂದೇ ಸಲ. ಮನೆಯಲ್ಲಿ ಬೇಸರವಾದಾಗ ಹಾಕಿಕೊಂಡು ಕೂರುವುದು ‘ಗಣೇಶನ ಮದುವೆ’. ಅದನ್ನು ಇಪ್ಪತ್ತು ಸಲವಾದರೂ ನೋಡಿರಬೇಕು. ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಯೇ? ಇಷ್ಟದ ಸಿನಿಮಾ ನೋಡಿ ಮನುಷ್ಯ ಎಂಥವನೆಂದು ಹೇಳಬಹುದು ಎನ್ನುತ್ತಾರಲ್ಲ, ಇವೆರಡರಲ್ಲಿ ಯಾವುದನ್ನು ನೋಡಿ ಹೇಳಬೇಕು?

ಸುಳ್ಳೇನಲ್ಲ, ನಿಶ್ಚಿಂತೆಯಿಂದಿರಿ. ‘ಇಷ್ಟ’ ಎಂಬ ಒಂದೇ ಪದವನ್ನು ನಾವು ಮೂರ್ನಾಲ್ಕು ಕೆಲಸಕ್ಕೆ ದುಡಿಸುತ್ತೇವೆ, ಗೊಂದಲ ಅಲ್ಲಿಂದ ಹುಟ್ಟುತ್ತದೆ. ಬಿಸಿಬೇಳೆಬಾತ್ ಇಷ್ಟ, ತಾತ ಇಷ್ಟ, ಕುವೆಂಪು ಇಷ್ಟ. ಮೂರಕ್ಕೂ ಅದೇ ಪದ. ಆದರೆ ತಾತನ ಮೇಲಿನ ಇಷ್ಟವನ್ನು ವಾರಕ್ಕೆಷ್ಟು ಸಲ ನೋಡಲು ಹೋದಿರಿ ಎಂದು ಎಣಿಸಿ ಅಳೆಯುವವರಿಲ್ಲ. ‘ಘಟಶ್ರಾದ್ಧ’ ನೋಡಿ ಎದ್ದ ಮೇಲೆ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಾಗದೆ ಹೋದವರು ಅದನ್ನು ಮತ್ತೆ ನೋಡದಿರುವುದೇ ಸಹಜ. ದುಡಿದು ಬಂದ ಶುಕ್ರವಾರ ರಾತ್ರಿ ಅನಂತನಾಗ್ ವಠಾರದಲ್ಲಿ ಪೇಚಾಡುವುದನ್ನು ಇಪ್ಪತ್ತೊಂದನೆಯ ಸಲ ನೋಡುವುದೂ ಅಷ್ಟೇ ಸಹಜ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 1999ರಲ್ಲಿ ಡೇನಿಯಲ್ ರೀಡ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನವಿದೆ. ಜನರ ಮುಂದೆ ಸಿನಿಮಾಗಳ ಪಟ್ಟಿಯೊಂದನ್ನು ಇಟ್ಟರು. ಅದರಲ್ಲಿ ‘ಷಿಂಡ್ಲರ್ಸ್ ಲಿಸ್ಟ್’ನಂಥ ಭಾರವಾದ ಚಿತ್ರಗಳೂ ಇದ್ದವು, ‘ಸ್ಪೀಡ್’ನಂಥ ಓಡುವ ಬಸ್ಸಿನ ಚಿತ್ರಗಳೂ ಇದ್ದವು. ಇವತ್ತೇ ನೋಡಬೇಕು ಎಂದಾಗ ಕೈ ಹಗುರವಾದದ್ದರ ಕಡೆ ಹೋಯಿತು. ಮುಂದಿನ ದಿನಗಳಿಗೆ ಈಗಲೇ ಆರಿಸಿಡಿ ಎಂದಾಗ ಗಂಭೀರವಾದ ಚಿತ್ರಗಳ ಪಾಲು ಏರಿತು. ನಾಳೆಯ ನಾನು ಇವತ್ತಿನ ನನಗಿಂತ ಯಾವಾಗಲೂ ಒಂದು ಕೈ ಮೇಲು! ‘ಆಮೇಲೆ ನೋಡೋಣ’ ಎಂದು ನಾವು ಗುರುತು ಹಾಕಿಟ್ಟ ಚಿತ್ರಗಳು ವರ್ಷಗಟ್ಟಲೆ ಹಾಗೇ ಉಳಿಯುವುದೇಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ನೆಟ್‌ಫ್ಲಿಕ್ಸ್ 2017ರಲ್ಲಿ ಐದು ನಕ್ಷತ್ರಗಳ ಅಂಕ ಪದ್ಧತಿಯನ್ನು ಕೈಬಿಟ್ಟು ಹೆಬ್ಬೆರಳು ಮೇಲೆ-ಕೆಳಗೆ ಮಾಡುವ ಗುರುತಿಗೆ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು. ಜನ ಸಾಕ್ಷ್ಯಚಿತ್ರಕ್ಕೆ ಐದು ನಕ್ಷತ್ರ ಕೊಡುತ್ತಾರೆ, ತಮಾಷೆಯ ಸಿನಿಮಾಕ್ಕೆ ಮೂರು ಕೊಡುತ್ತಾರೆ, ಮತ್ತೆ ಮತ್ತೆ ನೋಡುವುದು ಮಾತ್ರ ಆ ಮೂರರದ್ದನ್ನು.

ಊಟದ ಡಬ್ಬಿ ಬಿಚ್ಚಿ ಕುಳಿತಾಗ ಬಾಯಿಗೆ ‘ಘಟಶ್ರಾದ್ಧ’ವೇ ಏಕೆ ಬರುತ್ತದೆ ಎಂಬುದು ಬೇರೆ ವಿಷಯ. ಅಲ್ಲಿ ಸಿನಿಮಾದ ಜೊತೆಗೆ ಕೇಳುವವರೂ ಇದ್ದಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1979ರಲ್ಲಿ ಅಭಿರುಚಿಯ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದ. ನಾವು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ವಸ್ತುಗಳನ್ನು ವಿಂಗಡಿಸುವಾಗ ನಮ್ಮನ್ನೂ ಯಾವುದೋ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತೇವೆ ಎಂಬುದು ಅವನ ವಾದದ ತಿರುಳು. ಅದನ್ನು ತಿಳಿಯಲು ಫ್ರಾನ್ಸಿಗೆ ಹೋಗಬೇಕಾಗಿಲ್ಲ ಎನ್ನಿ. ಹೆಣ್ಣು ನೋಡಲು ಬಂದವರ ಮನೆಯ ಹುಡುಗ ‘ನಿಮಗೆ ಯಾವ ಸಿನಿಮಾ ಇಷ್ಟ’ ಎಂದು ಕೇಳಿದ ಕ್ಷಣದಲ್ಲಿ ಹುಡುಗಿಯ ತಲೆಯಲ್ಲಿ ಓಡುವ ಲೆಕ್ಕಾಚಾರವನ್ನು ನೆನೆಸಿಕೊಂಡರೆ ಸಾಕು. ಹಳೆಯದನ್ನು ಹೇಳಿದರೆ ಅಜ್ಜಿಯ ಹಾಗೆ, ಹೊಸದನ್ನು ಹೇಳಿದರೆ ಚೆಲ್ಲು, ಪರಭಾಷೆಯದನ್ನು ಹೇಳಿದರೆ ಜಂಬ. ಕೊನೆಗೆ ಅವಳು ಯಾರಿಗೂ ನೋವಾಗದ ಒಂದು ಹೆಸರು ಹೇಳುತ್ತಾಳೆ. ಆ ಹೆಸರಿನಿಂದ ಅವಳ ಬಗ್ಗೆ ತಿಳಿಯುವುದು ಕಡಿಮೆ, ಎದುರಿಗೆ ಕುಳಿತವರ ಬಗ್ಗೆ ಅವಳು ಏನೆಂದುಕೊಂಡಳು ಎಂಬುದು ಚೆನ್ನಾಗಿ ತಿಳಿಯುತ್ತದೆ.

ವಿಮರ್ಶಕರು ಇದಕ್ಕೆ ಹೊರತು ಎಂದುಕೊಳ್ಳಬೇಡಿ. ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಹತ್ತತ್ತು ಹೆಸರು ಬರೆಸಿಕೊಂಡು ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. ಮೊದಲ ಸಲ ಗೆದ್ದದ್ದು ‘ಬೈಸಿಕಲ್ ಥೀವ್ಸ್’. ಆಗ ಅದಕ್ಕೆ ಬರೀ ನಾಲ್ಕು ವರ್ಷ ವಯಸ್ಸು. 1962ರಿಂದ 2002ರವರೆಗೆ ಐದೂ ಸಲ ‘ಸಿಟಿಜನ್ ಕೇನ್’ ಅಲುಗಾಡದೆ ಕುಳಿತಿತ್ತು. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೋ’ ಅದನ್ನು ಕೆಳಗಿಳಿಸಿತು. 2022ರಲ್ಲಿ ಬೆಲ್ಜಿಯಂನ ಶಾಂತಾಲ್ ಅಕೆರ್ಮಾನ್ 1975ರಲ್ಲಿ ಮಾಡಿದ ‘ಜಾನ್ ಡೀಲ್‌ಮನ್’ ಮೊದಲ ಸ್ಥಾನಕ್ಕೆ ಬಂತು. ವಿಧವೆಯೊಬ್ಬಳು ಮೂರು ದಿನ ಆಲೂಗಡ್ಡೆ ಸುಲಿಯುವುದು, ಹಾಸಿಗೆ ಸರಿಪಡಿಸುವುದು, ಪಾತ್ರೆ ತೊಳೆಯುವುದು, ಇವನ್ನೇ ಮೂರು ಗಂಟೆಗೂ ಮಿಕ್ಕಿ ತೋರಿಸುವ ಸಿನಿಮಾ ಅದು. ನಲವತ್ತೇಳು ವರ್ಷಗಳಲ್ಲಿ ಅದರ ಒಂದು ದೃಶ್ಯವೂ ಬದಲಾಗಿಲ್ಲ. ಬದಲಾದದ್ದು ಪ್ರಶ್ನೆ ಕೇಳಿಸಿಕೊಂಡವರ ಸಂಖ್ಯೆ. 2012ರಲ್ಲಿ 846 ಮಂದಿ ಮತ ಹಾಕಿದ್ದರೆ 2022ರಲ್ಲಿ 1,600ಕ್ಕೂ ಹೆಚ್ಚು. ಕರೆದವರ ಸಾಲು ಅಗಲವಾಯಿತು, ಅಡುಗೆಮನೆಯ ಕೆಲಸವೂ ಕಥೆಯೇ ಎನ್ನುವ ಕಾಲ ಬಂದಿತ್ತು, ಪಟ್ಟಿಯ ತುದಿ ಬದಲಾಯಿತು. ಇದನ್ನು ಕೆಲವರು ಪಕ್ಷಪಾತ ಎಂದು ಬೈದರು. ನನ್ನ ಮಟ್ಟಿಗೆ ಹಳೆಯ ಪಟ್ಟಿಗಳೂ ಅಷ್ಟೇ ಪಕ್ಷಪಾತದವು, ಅಭ್ಯಾಸವಾಗಿದ್ದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ.

ಹಾಗಾದರೆ ಇಷ್ಟದ ಸಿನಿಮಾದಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಎಲ್ಲಕ್ಕಿಂತ ಮೊದಲು ತಿಳಿಯುವುದು ವಯಸ್ಸು. ಬದುಕಿನ ನೆನಪುಗಳಲ್ಲಿ ಹದಿಹರೆಯ ಮತ್ತು ಇಪ್ಪತ್ತರ ಆಸುಪಾಸಿನವು ಉಳಿದವಕ್ಕಿಂತ ದಟ್ಟವಾಗಿರುತ್ತವೆ ಎಂಬುದು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ ಸಂಗತಿ. 2007ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಜನರ ಮೆಚ್ಚಿನ ಪುಸ್ತಕ, ಸಿನಿಮಾ, ಹಾಡುಗಳ ವಿಚಾರದಲ್ಲೂ ಇದನ್ನು ಕಂಡರು. ಹಾಡುಗಳಲ್ಲಿ ಅದು ಇನ್ನೂ ಗಾಢ. 2006ರ ಡಿಸೆಂಬರ್ ಕೊನೆಯಲ್ಲಿ ತೆರೆ ಕಂಡ ‘ಮುಂಗಾರು ಮಳೆ’ಯ ಹೆಸರು ಹೇಳುವವರು ಸಿಕ್ಕಿದರೆ, ಆಗ ನೀವು ಪಿಯುಸಿಯೋ ಡಿಗ್ರಿಯೋ ಎಂದು ಕೇಳಿ ನೋಡಿ. ದೇವದಾಸ್ ಎಂಬ ಮೊಲದ ನೆನಪಿಗೆ ಕಣ್ಣು ಒದ್ದೆ ಮಾಡಿಕೊಳ್ಳುವವರಿಗೆ ಬೇಕಾಗಿರುವುದು ಮೊಲವೊಂದೇ ಎಂದು ನನಗೆ ಅನ್ನಿಸುವುದಿಲ್ಲ. ತರಗತಿ ತಪ್ಪಿಸಿ ಹೋದ ಆ ಮಧ್ಯಾಹ್ನ, ಪಕ್ಕದ ಸೀಟು, ಹೊರಬಂದಾಗ ಕಣ್ಣಿಗೆ ಹೊಡೆದ ಬಿಸಿಲು, ಎಲ್ಲವೂ ಆ ಹೆಸರಿನೊಳಗೆ ಸೇರಿಕೊಂಡಿವೆ.

ವಯಸ್ಸು ದಾಟಿ ಮನುಷ್ಯನವರೆಗೆ ಹೋಗಬೇಕೆಂದರೆ ಸಿನಿಮಾದ ಹೆಸರು ಸಾಲದು. ಹೆಸರಿನ ನಂತರ ಬರುವ ಎರಡನೆಯ ಮಾತನ್ನು ಕೇಳಬೇಕು. 1972ರ ‘ಬಂಗಾರದ ಮನುಷ್ಯ’ವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ, ನೋಡಿದವರಲ್ಲಿ ಕೆಲವರು ಊರಿಗೆ ಮರಳಿ ನೇಗಿಲು ಹಿಡಿದರು ಎಂದು ಇವತ್ತಿಗೂ ಹೇಳಿಕೊಳ್ಳುವ ಸಿನಿಮಾ. ನಮ್ಮ ಬಳಗದಲ್ಲೇ ಅದನ್ನು ಅಚ್ಚುಮೆಚ್ಚು ಎನ್ನುವವರು ಮೂವರಿದ್ದಾರೆ. ಕೃಷಿ ಇಲಾಖೆಯಲ್ಲಿದ್ದ ಚಿಕ್ಕಪ್ಪ ‘ಬಂಡೆ ಒಡೆದು ಬೆಳೆ ತೆಗೆಯುತ್ತಾನಲ್ಲ’ ಎನ್ನುತ್ತಾರೆ. ಮೂವರು ತಂಗಿಯರ ಮದುವೆ ಮಾಡಿ ತಾನು ತಡವಾಗಿ ಮದುವೆಯಾದ ಸೋದರಮಾವ ಬೆಳೆಯ ಸುದ್ದಿಯನ್ನೇ ಎತ್ತುವುದಿಲ್ಲ. ಅವರಿಗೆ ನೆನಪಿರುವುದು ಕೊನೆ. ತಾನೇ ಸಾಕಿದ ಅಕ್ಕನ ಮಗನ ಮಾತಿಗೆ ನೊಂದು, ಕಟ್ಟಿದ್ದನ್ನೆಲ್ಲ ಬಿಟ್ಟು, ಎದುರುತ್ತರ ಕೊಡದೆ ಹೊರಟುಹೋಗುವ ರಾಜೀವ. ‘ಒಂದು ಮಾತೂ ಆಡಲಿಲ್ಲ ನೋಡು’ ಎಂದು ಹೇಳಿ ಸುಮ್ಮನಾಗುತ್ತಾರೆ. ಒಂದೇ ಸಿನಿಮಾ, ಇಬ್ಬರು ಬೇರೆ ಬೇರೆ ಮನುಷ್ಯರು. ಹೆಸರನ್ನಷ್ಟೇ ಕೇಳಿ ಎದ್ದಿದ್ದರೆ ಇಬ್ಬರನ್ನೂ ರಾಜ್‌ಕುಮಾರ್ ಅಭಿಮಾನಿಗಳು ಎಂದು ಬರೆದುಕೊಂಡು ಬರುತ್ತಿದ್ದೆ.

ಇದಕ್ಕೊಂದು ಮಿತಿಯಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಾಂಗು ಮಚ್ಚಿನ ಸಿನಿಮಾ ಇಷ್ಟಪಡುವವನು ಒರಟ, ಅಳುವ ಸಿನಿಮಾ ಇಷ್ಟಪಡುವವಳು ಮೃದು ಎಂಬ ಜ್ಯೋತಿಷ್ಯಕ್ಕೆ ಬೆಲೆಯಿಲ್ಲ. ಇರುವೆ ಸಾಲನ್ನೂ ತುಳಿಯದೆ ದಾಟಿ ನಡೆಯುವ ನನ್ನ ಗೆಳೆಯನೊಬ್ಬ 1995ರ ‘ಓಂ’ ಮರುಬಿಡುಗಡೆಯಾದಾಗಲೆಲ್ಲ ಮೊದಲ ಆಟಕ್ಕೆ ಹೋಗುತ್ತಾನೆ. ಆ ಸಿನಿಮಾ ಎಷ್ಟು ಸಲ ಮರುಬಿಡುಗಡೆಯಾಗಿದೆ ಎಂದು ಬಲ್ಲವರಿಗೆ ಅವನ ಖರ್ಚಿನ ಅಂದಾಜು ಸಿಕ್ಕೀತು. ಇಷ್ಟದ ಸಿನಿಮಾ ಕೆಲವೊಮ್ಮೆ ನಮ್ಮಲ್ಲಿ ಇರುವುದನ್ನು ತೋರಿಸುತ್ತದೆ, ಕೆಲವೊಮ್ಮೆ ನಮ್ಮಲ್ಲಿ ಇಲ್ಲದ್ದನ್ನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಆದ್ದರಿಂದ ನೀವು ಕೇಳುವ ಸರದಿ ಬಂದಾಗ ಪ್ರಶ್ನೆ ಬದಲಿಸಿ. ‘ಯಾವುದು ಇಷ್ಟ’ ಬಿಟ್ಟು ‘ಯಾವುದನ್ನು ಹೆಚ್ಚು ಸಲ ನೋಡಿದ್ದೀರಿ’ ಎಂದು ಕೇಳಿ. ಮರ್ಯಾದೆಗೆ ಹೇಳುವ ಹೆಸರು ಅಲ್ಲಿಗೆ ಬದಿಗೆ ಸರಿಯುತ್ತದೆ. ಇನ್ನೂ ಒಳ್ಳೆಯದು, ‘ಮೊದಲ ಸಲ ಯಾರ ಜೊತೆ ನೋಡಿದಿರಿ’ ಎಂಬುದು. ನಾನು ಇದನ್ನು ಕಲಿತದ್ದು ಆ ಮೂರನೆಯವರಿಂದ, ನಮ್ಮ ಅಮ್ಮನಿಂದ.

ಅಮ್ಮನಿಗೆ ‘ಬಂಗಾರದ ಮನುಷ್ಯ’ ಅಂದರೆ ಪ್ರಾಣ. ಆದರೆ ಟಿವಿಯಲ್ಲಿ ಅದು ಬಂದಾಗ ಕೊನೆಯ ಅರ್ಧ ಗಂಟೆ ಅವಳು ಕುಳಿತು ನೋಡಿದ್ದನ್ನು ನಾನು ಕಂಡಿಲ್ಲ. ಅಷ್ಟು ಹೊತ್ತಿಗೆ ಸರಿಯಾಗಿ ನಾಳಿನ ದೋಸೆಗೆ ಅಕ್ಕಿ ನೆನೆಹಾಕುವುದು ನೆನಪಾಗುತ್ತದೆ, ಇಲ್ಲವೇ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಕೊನೆ ನೋಡಿದರೆ ಅಳು ಬರುತ್ತದೆ, ಅದಕ್ಕೇ ಏಳುತ್ತಾಳೆ ಎಂದುಕೊಂಡಿದ್ದೆ. ಯಾಕೆ ಇಷ್ಟ ಎಂದು ಎಷ್ಟೋ ಸಲ ಕೇಳಿದ್ದೆ, ‘ಚೆನ್ನಾಗಿದೆ, ಅದಕ್ಕೆ’ ಎಂಬುದಕ್ಕಿಂತ ಮುಂದೆ ಮಾತು ಹೋಗಿರಲಿಲ್ಲ. ಹೋದ ವರ್ಷ ಒಮ್ಮೆ ಅವರೆಕಾಳು ಬಿಡಿಸುತ್ತ ಕುಳಿತಿದ್ದಾಗ, ಮೊದಲು ಯಾರ ಜೊತೆ ನೋಡಿದೆ ಎಂದು ಕೇಳಿದೆ.

ಅಣ್ಣನ ಜೊತೆ ಎಂದಳು. ಊರಾಚೆಯ ಟೆಂಟಿನಲ್ಲಿ. ಆಟ ಶುರುವಾಗುವ ಮುಂಚೆ ಹಾಕುವ ‘ನಮೋ ವೆಂಕಟೇಶ’ ಹಾಡು ಕೇಳಿದ ಮೇಲೆ ಊಟ ಬಿಟ್ಟು ಓಡಿದ್ದರಂತೆ. ನೆಲದ ಟಿಕೆಟ್ಟು. ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರಿಸಿದ್ದ, ಮುಂದಿನವರ ತಲೆ ಅಡ್ಡ ಬರಬಾರದೆಂದು. ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆ ಮಳೆ ಶುರುವಾಯಿತು, ಟೆಂಟು ಸೋರಿತು, ಆಟ ನಿಲ್ಲಿಸಿದರು. ಅಣ್ಣ ತನ್ನ ಅಂಗಿ ಬಿಚ್ಚಿ ಅವಳ ತಲೆಗೆ ಹಾಕಿ, ಕೆಸರಿನಲ್ಲಿ ಹೆಗಲ ಮೇಲೆ ಹೊತ್ತು ಮನೆಗೆ ತಂದನಂತೆ.

‘ನಾನು ನೋಡಿದ್ದರಲ್ಲಿ ರಾಜ್‌ಕುಮಾರ್ ಮನೆ ಬಿಟ್ಟು ಹೋಗುವುದೇ ಇಲ್ಲ’ ಎಂದಳು ಅಮ್ಮ, ಸಿಪ್ಪೆಯನ್ನು ಮೊರದ ಈ ಕಡೆಗೆ ತಳ್ಳುತ್ತ. ‘ಹರಿದ ಚೀಟಿ ತಂದರೆ ನಾಳೆ ಉಳಿದರ್ಧಕ್ಕೆ ಬಿಡುತ್ತೇವೆ ಎಂದಿದ್ದರು. ಅಣ್ಣ ಅದನ್ನು ಅಂಗಿಯ ಜೇಬಿನಲ್ಲಿಟ್ಟಿದ್ದ. ನೆನೆದು ಮುದ್ದೆಯಾಗಿತ್ತು.’