ಮೇಕರ್‌ಸ್ಪೇಸ್ ಪ್ರಿಂಟ್ ಹಾಕಿಸುವ ಕೌಂಟರ್ ಅಲ್ಲ

ಸೆಮಿಸ್ಟರ್ ಮುಗಿಯಲು ಒಂದು ವಾರ ಇದೆ ಅನ್ನುವಾಗ ಮೇಕರ್‌ಸ್ಪೇಸ್ ಬಾಗಿಲಲ್ಲಿ, ಅಂದರೆ ಲೇಸರ್ ಕಟ್ಟರ್, ತ್ರೀಡಿ ಪ್ರಿಂಟರ್‌ನಂಥ ಯಂತ್ರಗಳಿರುವ ಕಾರ್ಯಾಗಾರದ ಬಾಗಿಲಲ್ಲಿ, ಕ್ಯೂ ಶುರುವಾಗುತ್ತದೆ. ಎಲ್ಲರ ಕೈಯಲ್ಲೂ ಒಂದೊಂದು ಪೆನ್‌ಡ್ರೈವ್. "ಫೈಲ್ ರೆಡಿ ಇದೆ, ಕಟ್ ಮಾಡಿಕೊಟ್ಟರೆ ಸಾಕು." ಕಲಾ ವಿಭಾಗಗಳಲ್ಲಿ ಇಂಥ ಜಾಗ ನೋಡಿಕೊಳ್ಳುವ ನಮಗೆಲ್ಲ ಈ ಮಾತು ಬಾಯಿಪಾಠ. ಆ ವಾರ ಯಂತ್ರಗಳಿಗೆ ಬಿಡುವೇ ಇರುವುದಿಲ್ಲ. ವರದಿಯಲ್ಲಿ ಬಳಕೆ ಜಾಸ್ತಿ ಅಂತ ಬರುತ್ತದೆ. ಕಲಿಕೆ ಮಾತ್ರ ತೀರಾ ಕಡಿಮೆ. ಏಕೆಂದರೆ ಅಷ್ಟು ಹೊತ್ತಿಗೆ ಎಲ್ಲ ತೀರ್ಮಾನವೂ ಸ್ಕ್ರೀನ್ ಮೇಲೆ ಮುಗಿದಿರುತ್ತದೆ. ಯಂತ್ರಕ್ಕೆ ಉಳಿದಿರುವುದು ಹೇಳಿದ್ದನ್ನು ಮಾಡುವ ಕೆಲಸ.

ನನ್ನ ಪ್ರಕಾರ ವಿದ್ಯಾರ್ಥಿ ಮೊದಲ ವಾರವೇ ಯಂತ್ರದ ಹತ್ತಿರ ಬರಬೇಕು. ಐಡಿಯಾ ಇನ್ನೂ ಹಸಿಯಾಗಿರುವಾಗ. ಆಗ ಕೊಡಬೇಕಾದದ್ದು ರಟ್ಟು ಮಾತ್ರ. ಒಳ್ಳೆಯ ಪ್ಲೈವುಡ್, ಅಕ್ರಿಲಿಕ್ ಎಲ್ಲ ಆಮೇಲೆ. ದುಬಾರಿ ಹಾಳೆ ಕೈಗೆ ಬಂದರೆ ಕೆಡಿಸಲು ಭಯವಾಗುತ್ತದೆ. ಹಳೆ ಪೆಟ್ಟಿಗೆಯ ರಟ್ಟನ್ನು ಕೆಡಿಸಲು ಯಾರೂ ಹೆದರುವುದಿಲ್ಲ, ಅಲ್ವಾ?

ಲೇಸರ್ ಕಟ್ಟರ್‌ನಲ್ಲಿ ಮೊದಲು ಎದುರಾಗುವುದು ಕರ್ಫ್. ಕಿರಣ ಹಾದುಹೋದ ದಾರಿಯಲ್ಲಿ ವಸ್ತು ಸುಟ್ಟು ಆವಿಯಾಗುತ್ತದೆ. ಹಾಗೆ ಉಳಿಯುವ ಗೀರಿನ ಅಗಲವೇ ಕರ್ಫ್. ಸಾಮಾನ್ಯವಾಗಿ 0.1ರಿಂದ 0.3 ಮಿಲಿಮೀಟರ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ 3 ಮಿಲಿಮೀಟರ್ ಸಂದು ಬರೆದರೆ 3.2 ಆಗಿ ಬರುತ್ತದೆ. ಇತ್ತ 3 ಮಿಲಿಮೀಟರ್ ಅಂತ ಕೊಂಡ ಪ್ಲೈವುಡ್ ಅಳೆದು ನೋಡಿದರೆ ಎಷ್ಟೋ ಸಲ 2.8 ಇರುತ್ತದೆ. ಎರಡೂ ಸೇರಿ ಜೋಡಣೆ ಲೊಡಲೊಡ. ಸ್ಕ್ರೀನ್ ಮೇಲೆ ಮಾತ್ರ ಅದು ಪಕ್ಕಾ ಕೂತಿತ್ತು! ಈ ವ್ಯತ್ಯಾಸ ಕೊನೆಯ ವಾರ ಗೊತ್ತಾದರೆ ಅಳು ಬರುತ್ತದೆ. ಮೊದಲ ವಾರ ಗೊತ್ತಾದರೆ ಕೆಲವರು ಆ ಸಡಿಲವನ್ನೇ ಕೆಲಸಕ್ಕೆ ಬಳಸಿಕೊಳ್ಳುತ್ತಾರೆ. ಗಾಳಿಗೆ ಅಲುಗಾಡುವ ಶಿಲ್ಪಕ್ಕೆ ಬಿಗಿ ಜೋಡಣೆ ಯಾಕೆ ಬೇಕು?

ಮರದಚ್ಚಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಮಟ್ಟಿಗೆ ಕಲಾ ವಿಭಾಗದಲ್ಲಿ ಲೇಸರ್‌ನ ಅತಿ ಒಳ್ಳೆಯ ಬಳಕೆ ಅದು. ಫೋಟೋ ಅಥವಾ ಚಿತ್ರವನ್ನು ಪ್ಲೈವುಡ್ ಮೇಲೆ ಲೇಸರ್‌ನಿಂದ ಕೊರೆದು, ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತುವುದು. ಫೈಲನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಇದನ್ನು ಮರೆಯುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಅದಾದ ಮೇಲೆ ನಿಜವಾದ ತೊಂದರೆ. ಲೇಸರ್ ಎಲ್ಲ ಕಡೆ ಒಂದೇ ಆಳಕ್ಕೆ ಕೊರೆಯುತ್ತದೆ. ಸಣ್ಣ ಗೆರೆಗಳ ನಡುವೆ ಅಷ್ಟು ಆಳ ಸಾಕು. ಅಗಲವಾದ ಖಾಲಿ ಜಾಗದಲ್ಲಿ ಮಾತ್ರ ರೋಲರ್ ಕೆಳಗಿಳಿದು ತಳಕ್ಕೂ ಶಾಯಿ ಹಚ್ಚಿಬಿಡುತ್ತದೆ. ಬಿಳಿ ಇರಬೇಕಾದಲ್ಲಿ ಕಪ್ಪು ಕಲೆ. ಕೈಯಿಂದ ಕೆತ್ತುವವರಿಗೆ ಇದು ಹಳೇ ಪಾಠ. ಅವರು ದೊಡ್ಡ ಬಿಳಿ ಜಾಗವನ್ನು ತಾವಾಗೇ ಆಳ ಮಾಡುತ್ತಾರೆ.

ಹಾಗಾಗಿ ಲೇಸರ್ ಮುಗಿದ ಮೇಲೆ ಕೈಗೆ ಉಳಿ ಕೊಡಬೇಕು. ಖಾಲಿ ಜಾಗ ಆಳ ಮಾಡಲು ಹೋದವರು ಅಲ್ಲಿಗೇ ನಿಲ್ಲುವುದಿಲ್ಲ. ಮರದ ನಾರಿನ ದಿಕ್ಕು ಕಾಣುತ್ತದೆ. ಲೇಸರ್ ಕೊರೆದ ಚುಕ್ಕಿಗಳ ಮೇಲೆ ಕೈಯ ಗೀರು ಬೀಳುತ್ತದೆ. ಎರಡೂ ಗುರುತು ಒಂದೇ ಅಚ್ಚಿನಲ್ಲಿ ಸೇರಿದಾಗ ಆ ಚಿತ್ರ ಸುಮ್ನೆ ಫೋಟೋದ ನಕಲಾಗಿ ಉಳಿಯುವುದಿಲ್ಲ. ಯಂತ್ರ ಬಂದರೆ ಕೈಕೆಲಸ ಸಾಯುತ್ತದೆ ಎಂದು ಕೊರಗುವ ಹಿರಿಯ ಮೇಷ್ಟ್ರುಗಳನ್ನು ನಾನು ವಾದಕ್ಕೆ ಕರೆಯುವುದಿಲ್ಲ, ಈ ಅಚ್ಚುಗಳನ್ನು ನೋಡಲು ಕರೆಯುತ್ತೇನೆ.

ತ್ರೀಡಿ ಪ್ರಿಂಟರ್ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಗಂಟೆಗಟ್ಟಲೆ ಕಾದರೆ ಪ್ಲಾಸ್ಟಿಕ್ ಆಕೃತಿ ಬರುತ್ತದೆ, ಮತ್ತು ಒಬ್ಬರದ್ದು ಇನ್ನೊಬ್ಬರದ್ದರಂತೆಯೇ ಕಾಣುತ್ತದೆ. ಅದರಲ್ಲಿ ಕಲಾಕೃತಿ ಮಾಡುವ ಬದಲು ಉಪಕರಣ ಮಾಡಿ ಎನ್ನುತ್ತೇನೆ. ಜೇಡಿಮಣ್ಣಿಗೆ ಒತ್ತುವ ಮುದ್ರೆ, ಮೇಲ್ಮೈಗೆ ವಿನ್ಯಾಸ ಮೂಡಿಸುವ ರೋಲರ್, ಪ್ಲಾಸ್ಟರ್ ಅಚ್ಚಿಗೆ ಮೂಲ ಮಾದರಿ. ಪ್ರಿಂಟಿನ ಪದರಗಳ ಗೆರೆ ಮಣ್ಣಿನಲ್ಲೂ ಮೂಡುತ್ತದೆ. ಬೇಡವಾದರೆ ಉಜ್ಜಿ ನಯ ಮಾಡಬಹುದು. ಪಿಎಲ್‌ಎ ಪ್ಲಾಸ್ಟಿಕ್ ಮಾದರಿಯನ್ನು ಮೇಣದ ಮಾದರಿಯಂತೆಯೇ ಅಚ್ಚಿನೊಳಗೆ ಸುಟ್ಟು ತೆಗೆದು, ಆ ಜಾಗಕ್ಕೆ ಕಂಚು ಎರಕ ಹೊಯ್ಯುವುದೂ ಉಂಟು.

ಎಲೆಕ್ಟ್ರಾನಿಕ್ಸ್ ಅಂದರೆ ಕಲಾ ವಿದ್ಯಾರ್ಥಿಗಳು ಹಿಂದೆ ಸರಿಯುತ್ತಾರೆ. ಅವರಿಗೆ ಒಂದು ವಿಷಯ ಹೇಳಬೇಕು. ದೀಪ, ಮೋಟಾರ್, ಸೆನ್ಸರ್‌ಗಳನ್ನು ಪ್ರೋಗ್ರಾಂ ಬರೆದು ನಡೆಸಲು ಬಳಸುವ ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್ 2005ರಲ್ಲಿ ಹುಟ್ಟಿದ್ದು ಇಟಲಿಯ ಇವ್ರಿಯಾದ ಡಿಸೈನ್ ಶಾಲೆಯಲ್ಲಿ. ಇಂಜಿನಿಯರಿಂಗ್ ಓದದವರಿಗೂ ಸುಲಭವಾಗಲಿ ಎಂದೇ ಅದನ್ನು ಮಾಡಿದ್ದು.

ಇನ್ನು ಸುರಕ್ಷತೆ. ಇಂಜಿನಿಯರಿಂಗ್ ವಿಭಾಗದ ನಿಯಮಗಳನ್ನು ಹಾಗೇ ತಂದು ಅಂಟಿಸಿದರೆ ಸಾಲದು. ನಮ್ಮ ಹುಡುಗರು ಎಲ್ಲೋ ಸಿಕ್ಕಿದ ವಸ್ತು ಹಿಡಿದು ಬರುತ್ತಾರೆ, ಅದು ಅವರ ಕಸುಬಿನ ಭಾಗವೇ. ಹಳೇ ರೆಕ್ಸಿನ್, ಬ್ಯಾನರ್, ಯಾವುದೋ ಪ್ಲಾಸ್ಟಿಕ್ ಹಾಳೆ. ಇವುಗಳಲ್ಲಿ ಪಿವಿಸಿ ಇರುವುದು ಮಾಮೂಲು. ಪಿವಿಸಿಗೆ ಲೇಸರ್ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಶ್ವಾಸಕೋಶಕ್ಕೂ ಕೇಡು, ಯಂತ್ರದ ಲೋಹಕ್ಕೂ ತುಕ್ಕು. ಏನೆಂದು ಗೊತ್ತಿಲ್ಲದ ಪ್ಲಾಸ್ಟಿಕ್ ಲೇಸರ್ ಒಳಗೆ ಹೋಗಬಾರದು, ಅಷ್ಟೇ. ಯಂತ್ರ ಓಡುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು, ರಟ್ಟಿಗೆ ಬೆಂಕಿ ಹತ್ತಲು ಒಂದು ಕ್ಷಣ ಸಾಕು. ಇವೆರಡರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಮಾರ್ಕ್ಸ್ ಹೇಗೆ ಕೊಡುತ್ತೇವೆ ಅನ್ನುವುದು ಉಳಿದದ್ದನ್ನೆಲ್ಲ ತೀರ್ಮಾನಿಸುತ್ತದೆ. ಕೊನೆಯ ಕೃತಿಗಷ್ಟೇ ಮಾರ್ಕ್ಸ್ ಇದ್ದರೆ ಕೊನೆಯ ವಾರವೇ ಕ್ಯೂ. ಕೆಟ್ಟ ತುಂಡುಗಳನ್ನೂ ಒಪ್ಪಿಸಬೇಕು ಎಂದರೆ ಕ್ಯೂ ತಾನಾಗಿ ಮುಂಚೆ ಬರುತ್ತದೆ. ಪ್ರತಿ ತುಂಡಿನ ಹಿಂದೆ ಯಾವ ವಸ್ತು, ಎಷ್ಟು ದಪ್ಪ, ಪವರ್ ಎಷ್ಟು, ವೇಗ ಎಷ್ಟು ಎಂದು ಬರೆದಿರಬೇಕು. ಇದರಿಂದ ಏನನ್ನು ಬದಲಿಸಿದಿರಿ ಎಂದು ನಾನು ಕೇಳುತ್ತೇನೆ. ಉತ್ತರ ಇದ್ದವರಿಗೆ, ಕೊನೆಯ ಕೃತಿ ಸಾಧಾರಣವಾಗಿದ್ದರೂ, ಮಾರ್ಕ್ಸ್ ಕೊಡಲು ಹಿಂಜರಿಯುವುದಿಲ್ಲ.

ಈ ಮೌಲ್ಯಮಾಪನಕ್ಕೆ ಟೆಕ್ನಿಷಿಯನ್ ಕೂಡ ಕೂರಬೇಕು. ವಿದ್ಯಾರ್ಥಿ ಹೇಗೆ ಯೋಚಿಸಿದ ಎಂದು ಹತ್ತಿರದಿಂದ ಕಂಡವರು ಅವರೇ. 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಶುರುಮಾಡಿದ ಬೌಹೌಸ್ ಶಾಲೆಯ ಕಾರ್ಯಾಗಾರಗಳಲ್ಲಿ ರೂಪ ಕಲಿಸಲು ಒಬ್ಬ ಕಲಾವಿದ, ಕಸುಬು ಕಲಿಸಲು ಒಬ್ಬ ಕುಶಲಕರ್ಮಿ ಇರುತ್ತಿದ್ದರು. ಶಾಲೆ ಡೆಸಾವ್ ನಗರಕ್ಕೆ ಹೋದ ಮೇಲೆ, ಎರಡನ್ನೂ ಅಲ್ಲೇ ಕಲಿತಿದ್ದ ಹಳೆ ವಿದ್ಯಾರ್ಥಿಗಳೇ ಕೆಲವು ಕಾರ್ಯಾಗಾರಗಳ ಹೊಣೆ ಹೊತ್ತರು. ನೂರು ವರ್ಷ ಕಳೆದ ಮೇಲೂ ಎಷ್ಟೋ ವಿಭಾಗಗಳಲ್ಲಿ ಟೆಕ್ನಿಷಿಯನ್ ಅಂದರೆ ಬೀಗದ ಕೈ ಇಟ್ಟುಕೊಂಡವರು ಅಷ್ಟೇ.

ಹೊಸದಾಗಿ ಶುರುಮಾಡುವವರು ಮೊದಲು ಏನು ಕೊಳ್ಳಬೇಕು ಎಂದು ಕೇಳುತ್ತಾರೆ. ಒಂದೇ ಯಂತ್ರಕ್ಕೆ ದುಡ್ಡಿದ್ದರೆ ಲೇಸರ್ ಕಟ್ಟರ್ ತೆಗೆದುಕೊಳ್ಳಿ. ಒಂದು ತುಂಡು ಕೆಲವೇ ನಿಮಿಷದಲ್ಲಿ ಕೈಗೆ ಬರುತ್ತದೆ, ಒಂದೇ ತರಗತಿಯಲ್ಲಿ ಮೂರು ಸಲ ಬದಲಿಸಿ ನೋಡಬಹುದು. ಹೊಗೆ ಹೊರಹಾಕುವ ವ್ಯವಸ್ಥೆಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಅದಕ್ಕೆ ದುಡ್ಡು ಸಾಲದಿದ್ದರೆ ಈ ವರ್ಷ ಚೂರಿ, ಸ್ಕೇಲು, ರಟ್ಟು ಇಟ್ಟುಕೊಂಡೇ ಶುರುಮಾಡಿ.